ದಾಳದ ಕಟ್ಟೆ: ಬೆಳ್ಳಿ ಲೇಪಿಸಿದ ಕತ್ತಿಗೆ ಎಷ್ಟು ಬೆಲೆ?

ಹೋದ ಸಂಚಿಕೆಯಲ್ಲಿ ಆಯುಧಗಳ ಬಗ್ಗೆ ಎರಡು ಸಾಲು ಬರೆದದ್ದೇ ತಡ, ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಲೋಹದ ಮಾತೇ. ಬೆಳ್ಳಿ, ಜೊತೆಗೆ ನಮ್ಮ ಆಟದ ಪುಸ್ತಕದ ಕಲ್ಪನೆಯ ಲೋಹಗಳಾದ ಕೋಲ್ಡ್ ಐರನ್, ಅಡಮಂಟೈನ್, ಮಿಥ್ರಲ್. ನನಗಂತೂ ಹಬ್ಬ. ವಾರವಿಡೀ ಪುಣೆ ಹತ್ತಿರದ ಭೋಸರಿ ಕೈಗಾರಿಕಾ ಪ್ರದೇಶದ ಒಂದು ಹೀಟ್ ಟ್ರೀಟ್‌ಮೆಂಟ್ ಘಟಕದಲ್ಲಿ ಉಕ್ಕಿಗೆ ಹದ ಬಂತೋ ಇಲ್ಲವೋ ಅಂತ ನೋಡುವುದು ನನ್ನ ಹೊಟ್ಟೆಪಾಡು. ಭಾನುವಾರ ಚಿಂಚವಡದ ಮನೆಯಲ್ಲಿ ಊಟದ ತಟ್ಟೆ ಎತ್ತಿದ ಮೇಲೆ ಅದೇ ಟೇಬಲ್ಲಿನ ಮೇಲೆ ದಾಳ ಉರುಳುತ್ತವೆ.

ಹೊಸದಾಗಿ ಓದುತ್ತಿರುವವರಿಗೆ ಚುಟುಕಾಗಿ: ಇದು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಜಾತಿಯ ಆಟ. ಒಬ್ಬರು ಕಥೆ ನಡೆಸುತ್ತಾರೆ, ಅವರನ್ನು ಡಿಎಂ ಅನ್ನುತ್ತೇವೆ. ಉಳಿದವರು ಒಂದೊಂದು ಪಾತ್ರ ಹಿಡಿದು 'ನಾನು ಹೀಗೆ ಮಾಡ್ತೀನಿ' ಅಂತಾರೆ. ಆಗುತ್ತದೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಇಷ್ಟು ಗೊತ್ತಿದ್ದರೆ ಸಾಕು, ಮುಂದೆ ಓದಿ.

ಪ್ರ: ಅಕ್ಕ, ಅಪ್ಪಾ ಬಳವಂತ ಚೌಕದ ಹಳೇ ಪುಸ್ತಕದ ಅಂಗಡಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 3.5 ಆವೃತ್ತಿಯ ಪುಸ್ತಕಗಳು ಸಿಕ್ಕವು, ಅದನ್ನೇ ಆಡಿಸುತ್ತಿದ್ದೇನೆ. ಮೊನ್ನೆ ಕಾಡಿನಲ್ಲಿ ಒಂದು ತೋಳಮಾನವನನ್ನು ಬಿಟ್ಟೆ. ಹುಡುಗರ ಬಳಿ ಬೆಳ್ಳಿ ಆಯುಧ ಇರಲಿಲ್ಲ. ಎಷ್ಟು ಹೊಡೆದರೂ ಅದಕ್ಕೆ ಏನೂ ಆಗಲಿಲ್ಲ, ನಾಲ್ಕೂ ಪಾತ್ರಗಳು ಸತ್ತವು. ಈಗ ಎಲ್ಲರೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ನಿಯಮ ತಪ್ಪೋ, ನಾನು ತಪ್ಪೋ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಕೋಥ್ರೂಡ್, ಪುಣೆ

ಉ: ನಿಯಮ ಸರಿಯಾಗಿದೆ ತಮ್ಮಾ, ಆದರೆ ಅದು ಎಷ್ಟು ಕಟುವಾದದ್ದು ಅಂತ ಲೆಕ್ಕ ಹಾಕಿ ನೋಡಿರಲಿಲ್ಲ ನೀನು. ಹಾಕೋಣ ಬಾ.

ನಿನ್ನ ಪುಸ್ತಕದ ಪ್ರಕಾರ ಹುಟ್ಟಾ ತೋಳಮಾನವನಿಗೆ ಬೆಳ್ಳಿಯಲ್ಲದ ಆಯುಧದ ಪ್ರತಿ ಪೆಟ್ಟಿನಲ್ಲೂ 10 ಡ್ಯಾಮೇಜ್ (ಪೆಟ್ಟಿನ ಅಂಕ) ಕಡಿತ. ಕಚ್ಚಿಸಿಕೊಂಡು ಹಾಗಾದವನಿಗೆ 5. ಅದೂ ತೋಳದ ರೂಪದಲ್ಲೋ ಅರೆತೋಳದ ರೂಪದಲ್ಲೋ ಇದ್ದಾಗ ಮಾತ್ರ. ನಿನ್ನ ಹುಡುಗರಲ್ಲಿ ಗಟ್ಟಿಯಾದವನ ಕೈಲಿ ಲಾಂಗ್‌ಸ್ವೋರ್ಡ್ ಇತ್ತು ಅನ್ನು. ಎಂಟು ಮುಖದ ದಾಳ, ಮೇಲೆ ಅವನ ತೋಳ್ಬಲದ 3. ಅಂದರೆ ಕನಿಷ್ಠ 4, ಗರಿಷ್ಠ 11. ಅದರಲ್ಲಿ ಹತ್ತು ಕಳೆ. ದಾಳದಲ್ಲಿ ಎಂಟೇ ಬಿದ್ದರೆ ಒಂದು ಡ್ಯಾಮೇಜ್, ಬೇರೆ ಏನೇ ಬಿದ್ದರೂ ಸೊನ್ನೆ. ತೋಳಮಾನವನಿಗೆ 20 ಹಿಟ್ ಪಾಯಿಂಟ್ (ಪ್ರಾಣದ ಅಂಕ) ಅಂತ ಹಿಡಿದು, ಅದೃಷ್ಟದ ದುಪ್ಪಟ್ಟು ಪೆಟ್ಟುಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಸರಾಸರಿ 160 ಪೆಟ್ಟು ತಗಲಬೇಕು. ತಗಲಬೇಕು ಅಂದೆ, ಬೀಸಬೇಕು ಅನ್ನಲಿಲ್ಲ. ಅದೇ ಕತ್ತಿಗೆ ಬೆಳ್ಳಿ ಲೇಪಿಸಿದ್ದರೆ ಡ್ಯಾಮೇಜಿನಲ್ಲಿ ಒಂದು ಕಡಿಮೆ, ಆದರೆ ಕಡಿತ ಇಲ್ಲ: 3ರಿಂದ 10. ಮೂರೋ ನಾಲ್ಕೋ ಪೆಟ್ಟಿಗೆ ಕಥೆ ಮುಗಿಯುತ್ತಿತ್ತು. ಒಂದು ಕೈಯ ಆಯುಧಕ್ಕೆ ಆ ಲೇಪದ ಬೆಲೆ 90 ಚಿನ್ನದ ನಾಣ್ಯ, ಚಿಕ್ಕ ಆಯುಧಕ್ಕೆ 20, ಎರಡು ಕೈಯದಕ್ಕೆ 180. ಬಾಣವಾದರೆ ಒಂದಕ್ಕೆ 2 ನಾಣ್ಯ ಹೆಚ್ಚು, ಅಷ್ಟೆ.

160 ಎಲ್ಲಿ, ನಾಲ್ಕು ಎಲ್ಲಿ! ಇಷ್ಟು ಅಂತರ ಇರುವ ಬೀಗವನ್ನು ಇಟ್ಟ ಮೇಲೆ ಕೀಲಿಕೈ ಎಲ್ಲಿದೆ ಅನ್ನುವ ಸುಳಿವು ಕಾದಾಟಕ್ಕೆ ಮೊದಲೇ ಸಿಗಬೇಕು. ಹಿರಣ್ಯಕಶಿಪುವಿನ ಕಥೆ ನೆನಪಿಸಿಕೋ. ಒಳಗಲ್ಲ ಹೊರಗಲ್ಲ, ಹಗಲಲ್ಲ ಇರುಳಲ್ಲ, ಆಯುಧದಿಂದಲ್ಲ ಅಂತ ವರದ ಷರತ್ತುಗಳನ್ನೆಲ್ಲ ನಮಗೆ ಮೊದಲೇ ಹೇಳಿರುತ್ತಾರೆ. ಹೇಳಿದ್ದರಿಂದಲೇ ಹೊಸ್ತಿಲು, ಮುಸ್ಸಂಜೆ, ಉಗುರು ಬಂದಾಗ ಮೈ ಜುಮ್ಮೆನ್ನುವುದು. ಷರತ್ತನ್ನೇ ಮುಚ್ಚಿಟ್ಟು ನರಸಿಂಹನನ್ನು ಕಂಬದಿಂದ ಹೊರಡಿಸಿದ್ದರೆ ಏನಿತ್ತು ಅದರಲ್ಲಿ?

ನಮ್ಮ ಮನೆ ಆಟದಲ್ಲಿ ತೋಳಮಾನವ ಬರುವ ಮೊದಲು ಒಂದು ಹಳ್ಳಿ ಬಂತು. ಹಳ್ಳಿಯ ನಾಯಿಗಳೆಲ್ಲ ಸತ್ತಿವೆ. ಅಕ್ಕಸಾಲಿಗನ ಅಂಗಡಿ ಬಾಗಿಲು ಒಡೆದಿದೆ, ಬಂಗಾರ ಇದ್ದಲ್ಲೇ ಇದೆ, ಬೆಳ್ಳಿ ಒಂದು ಗುಂಜಿಯೂ ಇಲ್ಲ. ಯಾರೋ ಬೆಳ್ಳಿಯನ್ನಷ್ಟೇ ಹೊತ್ತೊಯ್ದು ಬಾವಿಗೆ ಸುರಿದಿದ್ದಾರೆ. ಇಷ್ಟು ಹೇಳಿ ನಾನು ಚಹಾ ಹಾಕಲು ಎದ್ದೆ. ವಾಪಸು ಬರುವಷ್ಟರಲ್ಲಿ ಹುಡುಗರು ಅರ್ಥ ಮಾಡಿಕೊಂಡು, ಹಳ್ಳಿಯಲ್ಲಿ ಇನ್ನೆಲ್ಲಿ ಬೆಳ್ಳಿ ಉಳಿದಿರುತ್ತದೆ ಅಂತ ಯೋಚಿಸುತ್ತಿದ್ದರು. ಬಾಗಲಕೋಟೆ ಕಡೆಯ ಒಬ್ಬ ಹುಡುಗ ಸಣ್ಣ ದನಿಯಲ್ಲಿ, "ಹೆಂಗಸರ ಕಾಲಾಗ ಇರ್ತದಲ್ರಿ" ಅಂದ. ಕಾಲುಂಗುರ! ಟೇಬಲ್ ಸುತ್ತ ಒಬ್ಬರಿಗೂ ಮಾತಿಲ್ಲ. ಗಂಡ ಇರುವ ಹೆಂಗಸಿನ ಎದುರು ನಿಂತು ಕಾಲುಂಗುರ ಬಿಚ್ಚಿಕೊಡು ಅಂತ ಯಾರು ಕೇಳಬೇಕು? ಗಂಡಂದಿರನ್ನು ಉಳಿಸುವುದಕ್ಕೇ ಅಲ್ಲವೇ ಇದು ಅಂತ ಒಬ್ಬಳ ವಾದ. ಹಾಗಂತ ಹೇಗೆ ಹೇಳ್ತೀ, ಅಪಶಕುನ ಅಂತ ಬಡಿದು ಓಡಿಸ್ತಾರೆ ಅಂತ ಇನ್ನೊಬ್ಬನದು. ಕೊನೆಗೆ ಅವರು ಹಳ್ಳಿಯ ಹಿರಿಯಜ್ಜಿಯನ್ನು ಹಿಡಿದರು, ಆಕೆ ಮುಂದೆ ನಿಂತು ಸೊಸೆಯಂದಿರಿಂದ ಬಿಚ್ಚಿಸಿ ಕೊಟ್ಟಳು. ಸಿಕ್ಕ ಬೆಳ್ಳಿ ಒಂದು ಕಠಾರಿಗೆ, ಕೆಲವು ಬಾಣಗಳಿಗೆ ಆಗುವಷ್ಟು. ಕಾದಾಟ ಬೇಗ ಮುಗಿಯಿತು. ಕಾಲುಂಗುರದ ಮಾತುಕತೆ ಅದಕ್ಕಿಂತ ಬಹಳ ಹೊತ್ತು ನಡೆಯಿತು, ಅದಕ್ಕೇ ಆ ಭಾನುವಾರ ಅವರಿಗೆ ಈಗಲೂ ನೆನಪು.

ಇನ್ನೊಂದು ವಿಷಯ. ಬೆಳ್ಳಿ ಇಲ್ಲದಿದ್ದರೂ ದಾರಿ ಇತ್ತು ಅಂತ ನಿನ್ನ ಹುಡುಗರಿಗೆ ಹೇಳು. ಆ ಕಡಿತ ಆಯುಧದ ಪೆಟ್ಟಿಗಷ್ಟೇ. ಬೆಂಕಿಗೆ, ಮಂತ್ರದ ಮಿಂಚಿಗೆ ಅದು ಅನ್ವಯಿಸುವುದಿಲ್ಲ. ದೀಪದ ಎಣ್ಣೆಯ ಕುಡಿಕೆ ಹಚ್ಚಿ ಎಸೆದಿದ್ದರೂ ತೋಳಮಾನವನ ತುಪ್ಪಳ ಸುಡುತ್ತಿತ್ತು. ಓಡಿಹೋಗುವುದೂ ಒಂದು ದಾರಿಯೇ. ಸತ್ತ ನಾಲ್ವರ ವಿಷಯಕ್ಕೆ ಬಂದರೆ, ಮುಂದಿನ ವಾರ ಅವರ ಅಣ್ಣತಮ್ಮಂದಿರು ಸೇಡಿಗೆ ಬರಲಿ, ಬೆಳ್ಳಿ ಹಿಡಿದುಕೊಂಡು. ಮುನಿಸು ತಾನಾಗಿ ಇಳಿಯುತ್ತದೆ.

ಪ್ರ: ನನ್ನ ಪಾತ್ರ ಶ್ರೀಮಂತ. ಅಡಮಂಟೈನ್ ಕತ್ತಿಗೆ ಬೆಳ್ಳಿ ಲೇಪ ಮಾಡಿಸಿ ಎರಡೂ ಲಾಭ ಪಡೆಯಬಹುದೇ? ನಮ್ಮ ಡಿಎಂ ಒಪ್ಪುತ್ತಿಲ್ಲ.
— ಬ್ಯಾಂಕ್ ಉದ್ಯೋಗಿ, ಮಾಟುಂಗಾ, ಮುಂಬೈ

ಉ: ನಿಮ್ಮ ಡಿಎಂ ಪುಸ್ತಕ ಓದಿದ್ದಾರೆ. 3.5ರಲ್ಲಿ ಅಡಮಂಟೈನ್, ಕೋಲ್ಡ್ ಐರನ್, ಮಿಥ್ರಲ್, ಈ ಮೂರರ ಮೇಲೂ ಬೆಳ್ಳಿ ಲೇಪ ಕೂರುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಲೋಹವಲ್ಲದ ಆಯುಧಕ್ಕೂ ಇಲ್ಲ, ಹಾಗಾಗಿ ಬಡಿಗೆಗೆ ಬೆಳ್ಳಿ ಬಳಿಯುವ ಯೋಚನೆಯೂ ಬೇಡ.

ನಮ್ಮ ಲೋಕದಲ್ಲೂ ಉಕ್ಕಿನ ಮೇಲೆ ನೇರವಾಗಿ ಬೆಳ್ಳಿ ಹಿಡಿಸುವುದು ಸುಲಭವಲ್ಲ. ಪ್ಲೇಟಿಂಗ್ ಮಾಡುವವರು ಮೊದಲು ತಾಮ್ರದ್ದೋ ನಿಕ್ಕಲ್ಲಿನದ್ದೋ ತೆಳು ಪದರ ಕೊಟ್ಟು, ಆಮೇಲೆ ಬೆಳ್ಳಿಯ ಸ್ನಾನಕ್ಕೆ ಇಳಿಸುತ್ತಾರೆ. ಇಲ್ಲವಾದರೆ ಸಿಪ್ಪೆ ಸುಲಿದು ಬರುತ್ತದೆ. ಹಿತ್ತಾಳೆ ಪಾತ್ರೆಯ ಕಲಾಯಿ ಹೇಗೆ ಉಜ್ಜಿದಲ್ಲೇ ಮೊದಲು ಹೋಗುತ್ತದೋ ಕತ್ತಿಯ ಬೆಳ್ಳಿಯೂ ಹಾಗೆ, ಅಂಚಿನಲ್ಲೇ ಮೊದಲು ಸವೆಯುತ್ತದೆ. ಒಂದು ಸಲ ಸಾಣೆ ಹಿಡಿಸಿದರೆ ಅಂಚಿನಲ್ಲಿ ಬೆಳ್ಳಿಯೇ ಉಳಿಯಲಿಕ್ಕಿಲ್ಲ, ಅಂಚು ತಾನೇ ಕಡಿಯುವುದು! ಹಾಗಂತ ಇದನ್ನು ಆಟದೊಳಗೆ ತಂದು ಪೆಟ್ಟು ಪೆಟ್ಟಿಗೂ ಬೆಳ್ಳಿ ಎಷ್ಟು ಸವೆಯಿತು ಅಂತ ಲೆಕ್ಕ ಇಡಲು ಹೋಗಬೇಡಿ. ಬ್ಯಾಂಕಿನಲ್ಲಿ ವಾರವಿಡೀ ಮಾಡುವ ಕೆಲಸ ಭಾನುವಾರವೂ ಯಾಕೆ?

ಪಾತ್ರ ಅಷ್ಟು ಶ್ರೀಮಂತ ಇದ್ದರೆ ಎರಡು ಆಯುಧ ಇಟ್ಟುಕೊಳ್ಳಲಿ. ನಡುವಿಗೆ ಅಡಮಂಟೈನ್ ಕತ್ತಿ, ಕಾಲಿನ ಪಟ್ಟಿಗೆ ಬೆಳ್ಳಿಯ ಕಠಾರಿ. ಯಾವುದನ್ನು ಯಾವಾಗ ಎಳೆಯಬೇಕು ಅಂತ ತೀರ್ಮಾನಿಸುವುದರಲ್ಲೇ ಮಜ ಇರುವುದು. ಎಲ್ಲ ಬಾಗಿಲಿಗೂ ಒಂದೇ ಕೀಲಿ ಕೊಟ್ಟರೆ ಕೈ ಯಾಂತ್ರಿಕವಾಗಿ ಓಡುತ್ತದೆ, ತಲೆ ಓಡುವುದಿಲ್ಲ.

ಮಿಥ್ರಲ್ ಅಂದಿದ್ದಕ್ಕೆ ಒಂದು ಮಾತು: ಅದು ಆಯುಧಕ್ಕಿಂತ ಕವಚಕ್ಕೆ ಒಳ್ಳೆಯದು. ಅರ್ಧ ತೂಕ. 3.5ರಲ್ಲಿ ಮಾಮೂಲಿ ಸರಪಳಿ ಅಂಗಿಗೆ 100 ನಾಣ್ಯ, 25 ಪೌಂಡ್ ತೂಕ. ಮಿಥ್ರಲ್‌ದಾದರೆ 1,100 ನಾಣ್ಯ. ಅದನ್ನು ತೊಟ್ಟು ಮಂತ್ರ ಹಾಕುವವನ ಮಂತ್ರ ಕೆಡುವ ಸಾಧ್ಯತೆ ಶೇ. 20ರಿಂದ 10ಕ್ಕೆ ಇಳಿಯುತ್ತದೆ. ಕವಚದ ಭಾರ ಅಂದರೇನು ಅಂತ ಕಣ್ಣಾರೆ ನೋಡಬೇಕಾದರೆ ನಿಮಗೆ ಫೋರ್ಟ್ ದೂರವೇನಲ್ಲ. ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಅಕ್ಬರನ ಎದೆಗವಚವೂ ಗುರಾಣಿಯೂ ಇವೆ. ಆ ಉಕ್ಕನ್ನು ಹೊತ್ತು ಆನೆಯ ಮೇಲೆ ಕೂರಬಹುದು, ಗೋಡೆ ಹತ್ತುತ್ತೇನೆ ಅನ್ನುವವರು ಒಮ್ಮೆ ನೋಡಿ ಬನ್ನಿ.

ಪ್ರ: ನನ್ನ ಆಟದಲ್ಲಿ ಒಬ್ಬ ಕಳ್ಳನ ಪಾತ್ರದವನು ಅಡಮಂಟೈನ್ ಕಠಾರಿ ಕೊಂಡಿದ್ದಾನೆ. ಅಲ್ಲಿಂದ ಶುರುವಾಯಿತು ನೋಡಿ. ಬೀಗ ಇದ್ದರೆ ಕಡಿ, ಬಾಗಿಲು ಇದ್ದರೆ ಕೊರೆ, ಗೋಡೆ ಇದ್ದರೂ ಕೊರೆ. ನಾನು ರಾತ್ರಿಯೆಲ್ಲ ಕೂತು ಬರೆದ ನೆಲಮಾಳಿಗೆಯ ನಕ್ಷೆಯಲ್ಲಿ ನೇರ ಒಂದು ಗೆರೆ ಎಳೆದು ಖಜಾನೆಗೆ ಹೋಗಿಬಿಡುತ್ತಾನೆ. ಕಠಾರಿ ಕದಿಯಿಸಿಬಿಡಲೇ?
— ಗೃಹಿಣಿ ಮತ್ತು ಡಿಎಂ, ಡೊಂಬಿವಲಿ

ಉ: ಕದಿಯಿಸಬೇಡಿ ಅಕ್ಕಾವರೇ. 3,000 ನಾಣ್ಯ ಕೊಟ್ಟು ಕೊಂಡಿದ್ದಾನೆ, ಹೊಟ್ಟೆ ಉರಿಯುತ್ತದೆ. ಪುಸ್ತಕದಲ್ಲೇ ನಿಮಗೆ ಮದ್ದು ಇದೆ.

ಮೊದಲು ಅವನ ವಾದ ನೋಡೋಣ. 3.5ರಲ್ಲಿ ಪ್ರತಿ ವಸ್ತುವಿಗೂ ಗಡಸುತನದ ಒಂದು ಅಂಕ: ಮರಕ್ಕೆ 5, ಕಲ್ಲಿಗೆ 8, ಕಬ್ಬಿಣಕ್ಕೆ 10, ಅಡಮಂಟೈನಿಗೆ 20. ಯಾವುದನ್ನೇ ಕಡಿಯುವಾಗ ಡ್ಯಾಮೇಜಿನಿಂದ ಆ ಅಂಕ ಕಳೆಯಬೇಕು. ಅಡಮಂಟೈನ್ ಆಯುಧವಾದರೆ 20ಕ್ಕಿಂತ ಕಡಿಮೆ ಇರುವ ಗಡಸುತನ ಲೆಕ್ಕಕ್ಕೇ ಇಲ್ಲ. ಒಂದು ಅಡಿ ದಪ್ಪದ ಕಲ್ಲುಗಾರೆ ಗೋಡೆಗೆ 90 ಹಿಟ್ ಪಾಯಿಂಟ್. ಕಠಾರಿಗೆ ನಾಲ್ಕು ಮುಖದ ದಾಳ, ತೋಳ್ಬಲ 3 ಅಂದುಕೊಂಡರೆ ಸರಾಸರಿ ಐದೂವರೆ. ಹದಿನೇಳು ಸುತ್ತು, ಪ್ರತಿ ಸುತ್ತೂ ಆರು ಸೆಕೆಂಡು. ಎರಡು ನಿಮಿಷದೊಳಗೆ ಗೋಡೆಯಲ್ಲಿ ಕಿಂಡಿ! ಹಣ್ಣು ಹೆಚ್ಚುವ ಗಾತ್ರದ ಕಠಾರಿಯಿಂದ! ಕಾಗದದ ಮೇಲೆ ಅವನು ಹೇಳುವುದು ಸರಿಯೇ.

ಆದರೆ ಅದೇ ಅಧ್ಯಾಯದಲ್ಲಿ, ಕೆಲವು ಆಯುಧಗಳಿಂದ ಕೆಲವು ವಸ್ತುಗಳಿಗೆ ಪರಿಣಾಮಕಾರಿಯಾಗಿ ಪೆಟ್ಟು ಕೊಡಲು ಆಗುವುದಿಲ್ಲ ಅನ್ನುವ ಒಂದು ಕಲಮೂ ಇದೆ. ಗದೆಯಿಂದ ಹಗ್ಗ ಕಡಿಯಲಾಗದು ಅನ್ನುವ ಬಗೆಯದು. ಆ ಕಲಮಿನ ಮೇಲೆ ಬೆರಳಿಟ್ಟು ತೋರಿಸಿ. ಕಠಾರಿಯ ಅಲಗು ಎಷ್ಟೇ ಗಡಸಿರಲಿ, ಗೋಡೆ ಒಡೆಯಲು ಬೇಕಾದದ್ದು ಹಿಂದಿನ ತೂಕ. ಬೀಗದ ಕೊಂಡಿ ಕಡಿಯಲಿ, ಸರಪಳಿ ಕಡಿಯಲಿ, ಬಾಗಿಲಿನ ತಿರುಗಣೆ ಕಡಿಯಲಿ. ಗೋಡೆ ಬೇಡ. ಗೋಡೆಯೇ ಬೇಕು ಅಂದರೆ ಅಡಮಂಟೈನ್ ಗುದ್ದಲಿ ಮಾಡಿಸಿಕೊಂಡು ಹೊತ್ತು ತಿರುಗಲಿ, ಅದನ್ನು ಹೊತ್ತವನು ಸದ್ದಿಲ್ಲದೆ ನುಸುಳುವುದು ಹೇಗೆ ಅಂತ ಆಮೇಲೆ ನೋಡೋಣ.

ನನ್ನ ಕೆಲಸದ ಜಾಗದಿಂದ ಒಂದು ವಿಷಯ ಹೇಳಿಯೇ ತೀರುತ್ತೇನೆ, ಬೇಡದವರು ಈ ಕಂಡಿಕೆ ಬಿಟ್ಟು ಮುಂದೆ ಹೋಗಿ. ಗಡಸುತನ ಅಳೆಯುವ ರಾಕ್‌ವೆಲ್ ಯಂತ್ರದಲ್ಲಿ 120 ಡಿಗ್ರಿ ಕೋನದ ಪುಟ್ಟ ವಜ್ರದ ಮೊನೆ ಇರುತ್ತದೆ. ತುಣುಕನ್ನು ಪೀಠದ ಮೇಲಿಟ್ಟು ಮೊದಲು ಹತ್ತು ಕಿಲೋ ಭಾರ ಕೊಟ್ಟು ಮೊನೆ ಕೂರಿಸುತ್ತೇವೆ, ಆಮೇಲೆ ಸನ್ನೆ ಬಿಟ್ಟರೆ ಭಾರ 150 ಕಿಲೋಗೆ ಏರುತ್ತದೆ. ಹೆಚ್ಚುವರಿ ಭಾರ ತೆಗೆದ ಮೇಲೆ ಡಯಲ್ಲಿನ ಮುಳ್ಳು ಎಲ್ಲಿ ನಿಲ್ಲುತ್ತದೋ ಅದು ಗಡಸುತನ. ತುಣುಕಿನ ಮೇಲೆ ಉಳಿಯುವುದು ಸೂಜಿ ಚುಚ್ಚಿದಷ್ಟು ಗುರುತು. ಒಳ್ಳೆಯ ಅರ 62 ದಾಟುತ್ತದೆ. ಆ ಅರವನ್ನು ಸಿಮೆಂಟ್ ನೆಲಕ್ಕೆ ಬೀಳಿಸಿ ನೋಡಿ, ಎರಡು ತುಂಡಾದೀತು. ಕುಲುಮೆಯಿಂದ ಕೆಂಪಗೆ ತೆಗೆದು ಎಣ್ಣೆಗೆ ಅದ್ದಿದ ಉಕ್ಕು ಅತಿ ಗಡಸು, ಅಷ್ಟೇ ಪೆಡಸು. ಮತ್ತೆ ಹದವಾಗಿ ಕಾಯಿಸಿ ಒಂದಿಷ್ಟು ಗಡಸುತನ ಬಿಟ್ಟುಕೊಟ್ಟರೆ ಮಾತ್ರ ಅದು ಪೆಟ್ಟು ತಾಳುತ್ತದೆ. ಪುಸ್ತಕದ ಅಡಮಂಟೈನಿಗೆ ಈ ಕೊಡು-ಕೊಳ್ಳು ಇಲ್ಲವೇ ಇಲ್ಲ. ಇಂಚಿಗೆ 40 ಹಿಟ್ ಪಾಯಿಂಟ್, ಗಡಸುತನ 20, ಎರಡೂ ಅದಕ್ಕೇ. ನನ್ನ ಮಟ್ಟಿಗೆ ಪುಸ್ತಕದಲ್ಲಿರುವ ಅತಿ ದೊಡ್ಡ ಮಾಯೆ ಡ್ರ್ಯಾಗನ್ ಅಲ್ಲ, ಇದು.

ಹಾಗಾದರೆ ಅವನ 3,000 ನಾಣ್ಯ ದಂಡವೇ? ಅಲ್ಲ. ಅವನಿಗೆ ಒಂದು ಕಲ್ಲಿನ ಗೋಲೆಮ್ (ಮಂತ್ರದಿಂದ ಜೀವ ಬಂದ ಬೊಂಬೆ) ಕೊಡಿ. ಅಡಮಂಟೈನ್ ಅಲ್ಲದ ಆಯುಧಕ್ಕೆ ಅದು 10 ಡ್ಯಾಮೇಜ್ ಕಳೆಯುತ್ತದೆ, ಕಬ್ಬಿಣದ ಗೋಲೆಮ್ ಆದರೆ 15. ದೊಡ್ಡ ಕತ್ತಿಯ ವೀರರು ಬೆವರು ಸುರಿಸುತ್ತಿರುವಾಗ ಈ ಕಳ್ಳ ಪುಟ್ಟ ಕಠಾರಿಯಿಂದ ಗೋಲೆಮ್‌ನ ಹಿಮ್ಮಡಿ ಕಡಿಯಲಿ. ಕೊಟ್ಟ ದುಡ್ಡು ವಸೂಲಾಯಿತು ಅಂತ ಕುಣಿಯುತ್ತಾನೆ. ಮತ್ತೆ, ಕಡಿಯುವ ಸದ್ದು ಮರೆಯಬೇಡಿ. ಕಬ್ಬಿಣದ ಬಾಗಿಲಿನ ಮೇಲೆ ಲೋಹ ಬಡಿದರೆ ಮಾಳಿಗೆಯ ಕಾವಲುಗಾರರೆಲ್ಲ ಎದ್ದು ಬರಬೇಕು. ಸದ್ದಿಲ್ಲದೆ ಬೀಗ ತೆಗೆಯುವ ಅವನ ಹಳೆಯ ವಿದ್ಯೆಗೆ ಆಗ ಬೆಲೆ ಬರುತ್ತದೆ.

(ನೀವು 2014ರ ಐದನೇ ಆವೃತ್ತಿ ಆಡುತ್ತಿದ್ದರೆ ಲೆಕ್ಕ ಬೇರೆ. ಅಲ್ಲಿ 2017ರ ಪೂರಕ ಪುಸ್ತಕದ ಪ್ರಕಾರ ಅಡಮಂಟೈನ್ ಲೇಪಕ್ಕೆ 500 ನಾಣ್ಯ, ವಸ್ತುವಿಗೆ ತಗಲಿದ ಪೆಟ್ಟೆಲ್ಲ ಕ್ರಿಟಿಕಲ್, ಅಂದರೆ ದುಪ್ಪಟ್ಟು ದಾಳದ್ದು. ಕಠಾರಿ-ಗೋಡೆಯ ತಕರಾರಿಗೆ ನನ್ನ ಉತ್ತರ ಅಲ್ಲೂ ಅದೇ.)

ಪ್ರ: ಕೋಲ್ಡ್ ಐರನ್ ಅಂದರೆ ಏನು? ಕಬ್ಬಿಣ ಅಂದಮೇಲೆ ಕಬ್ಬಿಣ ಅಲ್ಲವೇ? ನಾನು ಮಕ್ಕಳಿಗೆ ನಮ್ಮ ನಾಡಿನ ಕಥೆ ಇಟ್ಟುಕೊಂಡು ಆಡಿಸಬೇಕು ಅಂತಿದ್ದೇನೆ. ಅದಕ್ಕೆ ಹೊಂದುವ ಲೋಹ ಯಾವುದಾದರೂ ಇದೆಯೇ?
— ಶಾಲಾ ಶಿಕ್ಷಕರು, ವಾಸ್ಕೋ, ಗೋವಾ

ಉ: ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ಪುಸ್ತಕದ ಕೋಲ್ಡ್ ಐರನ್ ನೆಲದಾಳದಿಂದ ತೆಗೆದದ್ದು, ಗುಣ ಕೆಡದಿರಲಿ ಅಂತ ಕಡಿಮೆ ಕಾವಿನಲ್ಲಿ ಬಡಿದದ್ದು. ಯಕ್ಷಿಣಿ ಜಾತಿಯವರಿಗೆ, ಡೀಮನ್‌ಗಳಿಗೆ ಅದು ಆಗಿಬರುವುದಿಲ್ಲ. ಬೆಲೆ ದುಪ್ಪಟ್ಟು: 15 ನಾಣ್ಯದ ಲಾಂಗ್‌ಸ್ವೋರ್ಡ್‌ಗೆ 30. ಅಗ್ಗ ಅಂತ ಅನ್ನಿಸುತ್ತದೆ, ಆದರೆ ಅದಕ್ಕೆ ಮಂತ್ರಶಕ್ತಿ ತುಂಬಿಸಲು ಹೋದರೆ 2,000 ನಾಣ್ಯ ಹೆಚ್ಚುವರಿ ದಂಡ. ಈ ಒಂದು ಸಾಲು ನನಗೆ ಬಹಳ ಇಷ್ಟ. ಮಾಯೆಗೆ ಮುನಿಯುವ ಲೋಹ ತನ್ನ ಮೈಮೇಲೂ ಮಾಯೆ ಹತ್ತಿಸಿಕೊಳ್ಳಲು ಮೊಂಡು ಹಿಡಿಯುತ್ತದೆ ಅನ್ನುವ ಇಡೀ ಕಥೆಯನ್ನು ಬೆಲೆಪಟ್ಟಿಯೊಳಗೇ ಹೇಳಿಬಿಟ್ಟಿದ್ದಾರೆ.

ನಿಜವಾಗಿ ಕಬ್ಬಿಣವನ್ನು ಸಾಕಷ್ಟು ಕಾಯಿಸದೆ ಬಡಿದರೆ ಬಿರುಕು ಬಿಡುತ್ತದೆ ಅಂತ ಯಾವ ಕಮ್ಮಾರನೂ ಹೇಳುತ್ತಾನೆ. ತಾಮ್ರ ಒಪ್ಪುತ್ತದೆ. ಪುಣೆಯ ಕಸಬಾ ಪೇಟೆಯ ತಾಂಬಟ್ ಆಳಿಯಲ್ಲಿ ತಾಮ್ರದ ಹಂಡೆಯ ಮೈತುಂಬ ಸುತ್ತಿಗೆಯಿಂದ ಒತ್ತೊತ್ತಾಗಿ ಗುಳಿ ಹಾಕುತ್ತಾರೆ. ನೋಡುವವರಿಗೆ ಅಲಂಕಾರ, ತಾಮ್ರಕ್ಕೆ ಅದೇ ಬಲ. ತಣ್ಣಗಿರುವಾಗ ಬಿದ್ದ ಪ್ರತಿ ಏಟಿಗೂ ಅದು ಬಿಗಿಯುತ್ತದೆ.

ನಮ್ಮ ಕಥೆಗೆ ಹೊಂದಿಸುವುದಕ್ಕೆ ನೀವು ಹೆಚ್ಚೇನೂ ಮಾಡಬೇಕಿಲ್ಲ. ಕಬ್ಬಿಣಕ್ಕೆ ದೆವ್ವ ಹೆದರುತ್ತದೆ ಅನ್ನುವುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಯಾರೂ ಕಲಿಸಬೇಕಾಗಿಲ್ಲ. ಬಾಣಂತಿ ಕೋಣೆಯಲ್ಲಿ, ಕೂಸಿನ ತೊಟ್ಟಿಲಿನಲ್ಲಿ ಕುಡುಗೋಲೋ ಅಡಕತ್ತರಿಯೋ ಇಟ್ಟದ್ದನ್ನು ಅವರ ಅಜ್ಜಿಯಂದಿರು ನೋಡಿಯೇ ಇರುತ್ತಾರೆ. ನಿಮ್ಮ ಆಟದಲ್ಲಿ ಕೋಲ್ಡ್ ಐರನ್ ಕತ್ತಿ ಮಾರುವ ಅಂಗಡಿ ಬೇಡ, ಬಾಣಂತಿ ಕೋಣೆಯ ಅಡಕತ್ತರಿಯೇ ಇರಲಿ. ಆಯುಧವಾಗಿ ಅದು ನಿಷ್ಪ್ರಯೋಜಕ, ನಾಲ್ಕು ಮುಖದ ದಾಳವೇ ಅದಕ್ಕೆ ಹೆಚ್ಚು. ಆದರೆ ಮೋಹಿನಿಯ ಮೇಲೆ ಕೆಲಸ ಮಾಡುವುದು ಅದೊಂದೇ. ಅದನ್ನು ಎತ್ತಿಕೊಂಡು ಹೋದರೆ ತೊಟ್ಟಿಲಿಗೆ ಕಾವಲು ಯಾರು? ಮಕ್ಕಳು ವಾದ ಮಾಡಿಕೊಳ್ಳಲಿ.

ಇನ್ನೂ ದೊಡ್ಡದು ಬೇಕೇ? ಮೌಸಲ ಪರ್ವಕ್ಕೆ ಹೋಗಿ. ಸಾಂಬನಿಗೆ ಬಸುರಿಯ ವೇಷ ಹಾಕಿ ಋಷಿಗಳನ್ನು ಅಣಕಿಸಿದ್ದಕ್ಕೆ ಶಾಪ ಸಿಕ್ಕಿ ಕಬ್ಬಿಣದ ಒನಕೆ ಹುಟ್ಟಿತಲ್ಲ, ಅದನ್ನು ಪುಡಿ ಮಾಡಿ ಸಮುದ್ರಕ್ಕೆ ಚೆಲ್ಲಿದರು. ಪ್ರಭಾಸದ ದಂಡೆಯಲ್ಲಿ ಯಾದವರು ಕುಡಿದು ಜಗಳಕ್ಕೆ ಬಿದ್ದಾಗ ಕಿತ್ತ ಜೊಂಡೆಲ್ಲ ಒನಕೆಯಾಯಿತು. ಪುಡಿಯಾಗದೆ ಉಳಿದ ಚೂರು ಮೀನಿನ ಹೊಟ್ಟೆ ಸೇರಿ, ಜರನೆಂಬ ಬೇಡನ ಬಾಣದ ಮೊನೆಯಾಗಿ ಕೃಷ್ಣನ ಪಾದಕ್ಕೆ ನೆಟ್ಟಿತು ಅಂತ ಭಾಗವತ. ಈ ಆಟಕ್ಕೆ ಇದಕ್ಕಿಂತ ಒಳ್ಳೆಯ ವಿಶೇಷ ಲೋಹ ಯಾರು ಕೊಟ್ಟಾರು? ನಿಯಮವೂ ಕಥೆಯಲ್ಲೇ ಇದೆ. ಆ ಪುಡಿ ಬಿದ್ದ ದಂಡೆಯ ಜೊಂಡು ಹಿಡಿದವನ ಕೈಯಲ್ಲಿ ಗದೆಯಾಗುತ್ತದೆ, ಯಾವ ಕವಚವೂ ಯಾವ ಡ್ಯಾಮೇಜ್ ಕಡಿತವೂ ಅದನ್ನು ತಡೆಯದು, ಆದರೆ ಅದು ಕೈಗೆ ಬರುವುದು ಸ್ವಂತದವರ ಮೇಲೆ ಎತ್ತಿದಾಗ ಮಾತ್ರ. ಸಮುದ್ರ ನಿಮ್ಮ ಶಾಲೆಯಿಂದ ದೂರವಿಲ್ಲ, ದಂಡೆಯನ್ನು ಮಕ್ಕಳು ಕಲ್ಪಿಸಿಕೊಳ್ಳಬೇಕಾಗಿಯೂ ಇಲ್ಲ.

ಪುರಾಣ ಬೇಡ, ಇತಿಹಾಸ ಸಾಕು ಅಂದರೆ ಅದೂ ಇದೆ. 1621ರಲ್ಲಿ ಜಲಂಧರದ ಹತ್ತಿರ ಆಕಾಶದಿಂದ ಕಬ್ಬಿಣ ಬಿತ್ತು. ಜಹಾಂಗೀರ ಅದನ್ನು ತರಿಸಿ ಆಯುಧ ಮಾಡಿಸಿದ. ಆ ಕಬ್ಬಿಣ ಸುತ್ತಿಗೆಯ ಏಟಿಗೆ ನಿಲ್ಲದೆ ಒಡೆಯುತ್ತಿತ್ತು. ಮೂರು ಪಾಲು ಅದಕ್ಕೆ ಒಂದು ಪಾಲು ಮಾಮೂಲಿ ಕಬ್ಬಿಣ ಬೆರೆಸಿದ ಮೇಲೆ ಕತ್ತಿ, ಕಠಾರಿಗಳಾದವು ಅಂತ ಬಾದಶಹನೇ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಅದರಲ್ಲೊಂದು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್‌ನಲ್ಲಿದೆ. ಆಟದಲ್ಲಿ ತರುವುದಾದರೆ ಆ ಮೂರಕ್ಕೊಂದು ಬೆರಕೆಯ ಗುಟ್ಟು ಗೊತ್ತಿರುವ ಒಬ್ಬ ಕಮ್ಮಾರನನ್ನು ಹುಡುಕುವುದನ್ನೇ ಕಥೆ ಮಾಡಿ. ನಿಮ್ಮ ಕಥೆಯ ಕಲ್ಲು ಎಲ್ಲಿ ಬಿತ್ತು ಅಂತ ಮಕ್ಕಳು ಕೇಳಿದರೆ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರ ತೋರಿಸಿ, ಉಲ್ಕೆ ಬಡಿದು ಕಪ್ಪುಕಲ್ಲಿನಲ್ಲಿ ಆದ ಗುಳಿ ಅದು.

ಪ್ರ: +3 ಮಂತ್ರದ ಕತ್ತಿ (ಪೆಟ್ಟಿಗೆ 3 ಕೂಡಿಸುವಂಥದ್ದು) ಇದ್ದರೆ ಬೆಳ್ಳಿ ಬೇಕೇ ಬೇಕಾ?
— ಠಾಣೆ

ಉ: ಯಾವ ಪುಸ್ತಕ ಅನ್ನುವುದರ ಮೇಲೆ ಹೋಗುತ್ತದೆ. 3.5ರಲ್ಲಿ ಬೇಕು. ಇದೇ ಜಾತಿಯ ಇನ್ನೊಂದು ಆಟವಾದ 2009ರ ಪಾತ್‌ಫೈಂಡರ್‌ನಲ್ಲಿ +3 ಕತ್ತಿ ಬೆಳ್ಳಿಗೂ ಕೋಲ್ಡ್ ಐರನ್‌ಗೂ ಸಮ, +4 ಆದರೆ ಅಡಮಂಟೈನಿಗೂ ಸಮ. ನನಗೆ ಈ ರಿಯಾಯಿತಿ ಹಿಡಿಸದು. ದೊಡ್ಡ ಅಂಕ ಎಲ್ಲವನ್ನೂ ನುಂಗಿದರೆ ಅಕ್ಕಸಾಲಿಗನಿಗೆ ಕೆಲಸವೇನು?

ಪ್ರ: ಮೇಡಂ, ನನ್ನ ಮಗ ಪ್ರತಿ ಭಾನುವಾರ ಈ ಆಟಕ್ಕೆ ಹೋಗುತ್ತಾನೆ. ಹೋದ ವಾರ ದೇವರ ಮನೆಯ ಬೆಳ್ಳಿ ಕುಂಕುಮ ಭರಣಿ ಕಾಣಲಿಲ್ಲ. ಕೇಳಿದರೆ "ತೋಳ ಬಂದಿತ್ತಮ್ಮ, ಬೆಳ್ಳಿ ಇದೆ ಅಂತ ತೋರಿಸಬೇಕಿತ್ತು" ಅಂತಾನೆ. ದಾಳ ಬೇರೆ ಹಾಕುತ್ತಾರೆ. ಇದು ಜೂಜೇ?
— ಗಾಬರಿಯಾದ ತಾಯಿ, ಪಿಂಪ್ರಿ

ಉ: ಜೂಜಲ್ಲ ಅಮ್ಮಾ, ದುಡ್ಡು ಕಟ್ಟುವುದಿಲ್ಲ. ದಾಳಗಳಲ್ಲಿ ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗೆ ಇರುತ್ತವೆ, ಗೆದ್ದವರಿಗೂ ಸೋತವರಿಗೂ ಸಿಗುವುದು ಚುರುಮುರಿಯೇ. ಭರಣಿ ವಾಪಸು ತರಿಸಿ. ಅವನ ಪಾತ್ರದ ಹಾಳೆಯಲ್ಲಿ 'ಬೆಳ್ಳಿ ಭರಣಿ, ಒಂದು' ಅಂತ ಪೆನ್ಸಿಲ್ಲಿನಲ್ಲಿ ಬರೆದರೆ ಸಾಕು, ನಿಜದ್ದು ತೋರಿಸಿ ಅಂತ ಯಾವ ಡಿಎಂ ಕೂಡ ಕೇಳುವುದಿಲ್ಲ. ಕೇಳಿದರೆ ನನಗೆ ಬರೆಯಿರಿ. ಒಂದು ವೇಳೆ ಅವನು ಹೋಗುತ್ತಿರುವುದು ನಮ್ಮ ಮನೆಗೇ ಆಗಿದ್ದರೆ, ಭರಣಿ ನಮ್ಮ ಫ್ರಿಜ್ಜಿನ ಮೇಲಿದೆ, ಕುಂಕುಮ ಚೆಲ್ಲಿಲ್ಲ.

ಪ್ರ: ಹೊಸ ಪುಸ್ತಕದಲ್ಲಿ ತೋಳಮಾನವನಿಗೆ ಬೆಳ್ಳಿಯ ಭಯವೇ ಇಲ್ಲವಂತೆ. ನಾವೂ ಬಿಟ್ಟುಬಿಡೋಣವೇ?
— ಐಟಿ ಉದ್ಯೋಗಿ, ಹಿಂಜವಡಿ

ಉ: ಹೌದು. 2014ರ ಐದನೇ ಆವೃತ್ತಿಯಲ್ಲಿ ಬೆಳ್ಳಿಯೂ ಮಂತ್ರವೂ ಇಲ್ಲದ ಆಯುಧದಿಂದ ತೋಳಮಾನವನಿಗೆ ಕೂದಲೂ ಕೊಂಕುತ್ತಿರಲಿಲ್ಲ, ಕಡಿತ ಅಲ್ಲ, ಪೂರ್ತಿ ಸೊನ್ನೆ. 2025ರಲ್ಲಿ ಬಂದ ಪರಿಷ್ಕೃತ ರಾಕ್ಷಸರ ಪುಸ್ತಕದಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಕೋಥ್ರೂಡಿನ ಹುಡುಗನ ಆಟದಲ್ಲಿ ಆದಂಥ ಅನಾಹುತ ತಪ್ಪಿಸಲು ಹೀಗೆ ಮಾಡಿದ್ದಾರೆ ಅನ್ನುವುದು ನನ್ನ ಊಹೆ. ಆದರೆ ಮೂಗು ಸೋರುತ್ತದೆ ಅಂತ ಮೂಗನ್ನೇ ಕೊಯ್ದ ಹಾಗಾಯಿತು.

ನನಗೆ ಹಿಡಿಸಿದ ದಾರಿ 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿಯದ್ದು. ಅಲ್ಲಿ ಮಾಮೂಲಿ ಕತ್ತಿಯ ಪೆಟ್ಟು ತೋಳಮಾನವನಿಗೆ ಮಾಮೂಲಿಯಾಗಿಯೇ ತಗಲುತ್ತದೆ, ಬೆಳ್ಳಿಯಾದರೆ ಪ್ರತಿ ಪೆಟ್ಟಿಗೆ 5 ಹೆಚ್ಚು. ಬೆಳ್ಳಿ ತರದವನು ಸಾಯುವುದಿಲ್ಲ, ತಂದವನಿಗೆ ಲಾಭ. ಹೊಸ ಪುಸ್ತಕ ಇಟ್ಟುಕೊಂಡು ಆಡುವವರು ಈ ಒಂದು ಸಾಲನ್ನು ಎರವಲು ತಂದು ತೋಳಮಾನವನ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ. ಮಕ್ಕಳ ಜೊತೆ ಆಡುವಾಗ 5, ಪಳಗಿದವರ ಜೊತೆ ಆಡುವಾಗ ಹಳೆಯ 10ರ ಕಡಿತ, ಅದೂ ಹಳ್ಳಿಯಲ್ಲಿ ಸುಳಿವು ಸಿಕ್ಕ ಮೇಲೆ. ಲೇಪಕ್ಕೆ 100 ನಾಣ್ಯ ಅಂತ 2014ರ ಪುಸ್ತಕದಲ್ಲಿದ್ದ ಬೆಲೆಯನ್ನೇ ಇಟ್ಟುಕೊಳ್ಳಬಹುದು, ಅದೇ ಬೆಲೆಗೆ ಹತ್ತು ಬಾಣ.